ಮಳೆ ಪುಸ್ತಕ ಇರುವ ಬಂಗಲೆ

ಆತ್ಮೀಯರೆ,

ನವೆಂಬರ್ ಬಂತೆಂದರೆ ಹೊರದೇಶದಲ್ಲಿರುವ ನಮ್ಮ ಕನ್ನಡ ಕೂಟದಲ್ಲಿ ಎರಡೇ ಮಾತು. ರಾಜ್ಯೋತ್ಸವದ ನಾಟಕದಲ್ಲಿ ಯಾರಿಗೆ ಯಾವ ಪಾತ್ರ ಅನ್ನುವುದು ಒಂದು. ಡಿಸೆಂಬರಿನಲ್ಲಿ ಊರಿಗೆ ಹೋದಾಗ ಎಲ್ಲೆಲ್ಲಿ ಸುತ್ತುವುದು ಅನ್ನುವುದು ಇನ್ನೊಂದು. ಈ ಸಲ ಮೂರು ಮನೆಯವರು ನನ್ನ ಹತ್ತಿರ ಒಂದೇ ವಿಷಯ ಕೇಳಿದರು. "ಚಿಕ್ಕಮಗಳೂರು ಕಡೆ ಬ್ರಿಟಿಷ್ ದೊರೆಗಳ ಕಾಲದ ಕಾಫಿ ಎಸ್ಟೇಟ್ ಬಂಗಲೆಯಲ್ಲಿ ಉಳಿಯಬೇಕು ಅಂತ ಆಸೆ. ರೇಟು ನೋಡಿದರೆ ಎದೆ ಝಲ್ ಅನ್ನುತ್ತೆ. ಕೊಟ್ಟ ದುಡ್ಡು ದಕ್ಕುತ್ತಾ?"

ನಾನು ಸಕಲೇಶಪುರದ ಕಡೆಯವಳು, ಅಮ್ಮನ ತವರು ಮೂಡಿಗೆರೆ. ಹಾಗಾಗಿ ನನ್ನನ್ನು ಕೇಳುತ್ತಾರೆ. ಆದರೆ ಕಾಫಿ ಸೀಮೆಯಲ್ಲಿ ಹುಟ್ಟಿದವರೆಲ್ಲ ಬಂಗಲೆ ನೋಡಿರುವುದಿಲ್ಲ. ನಾನು ಮೊದಲ ಸಲ ಅಂಥ ಬಂಗಲೆಯ ಒಳಗೆ ಕಾಲಿಟ್ಟಿದ್ದು ಈ ದೇಶಕ್ಕೆ ಬಂದ ಎಷ್ಟೋ ವರ್ಷಗಳ ಮೇಲೆ, ಅತಿಥಿಯಾಗಿ, ದುಡ್ಡು ಕೊಟ್ಟು.

ಆ ಮೊದಲ ಸಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. ಒಂದೇ ರಾತ್ರಿಗೆ ಬುಕ್ ಮಾಡಿದ್ದೆವು. ಬೆಳಗಿನ ಜಾವ ಬೆಂಗಳೂರು ಬಿಟ್ಟು, ದಾರಿಯಲ್ಲಿ ಹಳೇಬೀಡು, ಬೇಲೂರು ಎರಡನ್ನೂ ಓಡೋಡಿ ನೋಡಿ, ಬಂಗಲೆ ಮುಟ್ಟಿದಾಗ ಸಂಜೆ ಆರೂವರೆ. ಕತ್ತಲು. ತೋಟ ಕಾಣಲೇ ಇಲ್ಲ. ರಾತ್ರಿ ಊಟಕ್ಕೆ ನೂಡಲ್ಸ್, ಪನೀರು. ಬೆಳಿಗ್ಗೆ ತಿಂಡಿ ಮುಗಿಸಿ ಮುಳ್ಳಯ್ಯನಗಿರಿಗೆ ಅಂತ ಜೀಪು ಹತ್ತಿದೆವು. ವಾಪಸ್ ಬರುವಷ್ಟರಲ್ಲಿ ಕೋಣೆ ಖಾಲಿ ಮಾಡುವ ಹೊತ್ತು. ಬಿಲ್ಲಿನಲ್ಲಿ ಜೀಪಿಗೆ ಬೇರೆ, ಬೆಂಕಿ ಹಾಕಿದ್ದಕ್ಕೆ ಬೇರೆ, ಅದರ ಮೇಲೆ ತೆರಿಗೆ. ನಮ್ಮನೆಯವರು ಬಿಲ್ಲನ್ನು ಎರಡು ಸಲ ನೋಡಿ ಸುಮ್ಮನೆ ಕಾರ್ಡು ಕೊಟ್ಟರು. ನಾವು ಅಲ್ಲಿ ಮಲಗಿ ಎದ್ದು ಬಂದಿದ್ದೆವು, ಅಷ್ಟೇ.

ಕಳೆದ ಜನವರಿಯಲ್ಲಿ ಇನ್ನೊಂದು ಬಂಗಲೆಗೆ ಹೋದೆವು. ಈ ಸಲ ಅಮ್ಮನನ್ನೂ ಮಗಳನ್ನೂ ಕರೆದುಕೊಂಡು. ಖರ್ಚು ಹಿಂದಿನದಕ್ಕಿಂತ ಜಾಸ್ತಿಯೇ ಆಯಿತು. ಆದರೆ ಒಂದು ರೂಪಾಯಿಯೂ ದಂಡ ಅನ್ನಿಸಲಿಲ್ಲ. ಯಾಕೆ ಅಂತ ಯೋಚಿಸಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲನೆಯದಾಗಿ, ಆ್ಯಪಿನಲ್ಲಿ ಬುಕ್ ಮಾಡಲಿಲ್ಲ. ಫೋನ್ ಮಾಡಿದೆ, ಕನ್ನಡದಲ್ಲಿ ಮಾತಾಡಿದೆ. ವಿದೇಶದ ನಂಬರು ನೋಡಿ ಆ ಕಡೆಯವರು ಇಂಗ್ಲಿಷಿನಲ್ಲಿ ಶುರು ಮಾಡಿದರು. "ಇಲ್ಲ ಸಾರ್, ನಮ್ಮದು ಸಕಲೇಶಪುರ" ಅಂದ ಕೂಡಲೇ ದನಿಯೇ ಬದಲಾಯಿತು. "ಓ, ಸಕಲೇಶಪುರದಲ್ಲಿ ಎಲ್ಲಿ?" ಅಲ್ಲಿಂದ ಅರ್ಧ ಗಂಟೆ ಮಾತು. ಕುಯ್ಲು ಯಾವಾಗ ಮುಗಿಯುತ್ತೆ, ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ, ಅಂದರೆ ಪಲ್ಪರ್ ಓಡುತ್ತಿರುತ್ತಾ, ತೋಟ ಸುತ್ತಿಸುವವರು ಯಾರು, ಊಟಕ್ಕೆ ಮನೆ ಅಡುಗೆ ಮಾಡುತ್ತಾರಾ, ಎಲ್ಲ ಕೇಳಿದೆ. ಶನಿವಾರ ಭಾನುವಾರ ಬೆಂಗಳೂರಿನ ಕಾರುಗಳದ್ದೇ ಜಾತ್ರೆ, ವಾರದ ಮಧ್ಯೆ ಬನ್ನಿ, ರೇಟೂ ಕಡಿಮೆ ಅಂತ ಅವರೇ ಹೇಳಿದರು. ಮಂಗಳವಾರ, ಬುಧವಾರ ಎರಡು ರಾತ್ರಿ ಹಿಡಿದೆವು. ಕೋಣೆಗೆ ಊಟ ತಿಂಡಿ ಸೇರಿ ರಾತ್ರಿಗೆ 16,000. ಬಾಡಿಗೆ 7,500 ರೂಪಾಯಿ ಮೀರಿದರೆ ಶೇ 18 ಜಿಎಸ್‌ಟಿ ಬೀಳುತ್ತೆ. ಅಂದರೆ ನಮಗೆ ರಾತ್ರಿಗೆ ಇನ್ನೂ 2,880. ತೆರಿಗೆ ಸೇರಿಸಿ ಎಷ್ಟು ಅಂತ ಮೊದಲೇ ಕೇಳಿಕೊಳ್ಳಿ, ಆಮೇಲೆ ಮುಖ ಸಪ್ಪಗಾಗುವುದಿಲ್ಲ. ಪಾಸ್‌ಪೋರ್ಟು, ಓಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡು ಎರಡರ ಪ್ರತಿಯೂ ಕೈಯಲ್ಲಿರಲಿ. ವಿದೇಶಿ ಪಾಸ್‌ಪೋರ್ಟಿನವರು ಉಳಿದರೆ ಬಂಗಲೆಯವರು ಅದರ ವಿವರ ಸರ್ಕಾರಕ್ಕೆ ಕಳಿಸಬೇಕು.

ಎರಡು ರಾತ್ರಿ ಅನ್ನುವುದು ದೊಡ್ಡ ಮಾತು. ಒಂದು ರಾತ್ರಿ ಉಳಿದರೆ ನಿಮಗೆ ಒಂದು ಸಂಜೆ, ಒಂದು ಬೆಳಗು ಸಿಗುತ್ತೆ. ಎರಡು ರಾತ್ರಿ ಉಳಿದರೆ ಮಧ್ಯದಲ್ಲಿ ಇಡೀ ಒಂದು ದಿನ ಸಿಗುತ್ತೆ, ಎಲ್ಲಿಗೂ ಓಡಬೇಕಿಲ್ಲದ ದಿನ. ಆ ದಿನ ತೋಟ ಬಿಟ್ಟು ಹೊರಗೆ ಹೋಗಬೇಡಿ. ಮುಳ್ಳಯ್ಯನಗಿರಿ 1,930 ಮೀಟರ್, ಕರ್ನಾಟಕದ ಅತಿ ಎತ್ತರದ ಶಿಖರ. ನೋಡಲೇಬೇಕಾದ ಜಾಗ, ನಿಜ. ಆದರೆ ಅದನ್ನು ಚಿಕ್ಕಮಗಳೂರಿನ ಸಾಧಾರಣ ಹೋಟೆಲಿನಲ್ಲಿ ಉಳಿದೂ ನೋಡಬಹುದು, ಅಲ್ವಾ?

ನಾವು ಹೋದದ್ದು ಜನವರಿ ಮೊದಲ ವಾರ. ಅರೇಬಿಕಾ ಕುಯ್ಲು ನವೆಂಬರಿನಿಂದ ಜನವರಿವರೆಗೆ ನಡೆಯುತ್ತೆ. ಕಾಫಿಯ ಇನ್ನೊಂದು ಜಾತಿ ರೊಬಸ್ಟಾ ಅದರ ಹಿಂದೆಯೇ ಬರುತ್ತೆ. ಹಾಗಾಗಿ ಎರಡೂ ನೋಡಲು ಸಿಕ್ಕಿತು. ಬೆಳಿಗ್ಗೆ ಏಳೂವರೆಗೆ ತೋಟದ ಲೆಕ್ಕ ಬರೆಯುವ ರೈಟರ್ ಬಂದರು. ನಲವತ್ತು ವರ್ಷದಿಂದ ಅದೇ ತೋಟದಲ್ಲಿದ್ದಾರೆ. ಮೊದಲು ಗೈಡುಗಳ ಹಾಗೆ ಬಾಯಿಪಾಠ ಒಪ್ಪಿಸಿದರು. ಬಾಬಾ ಬುಡನ್ ಯೆಮನ್‌ನಿಂದ ಏಳು ಬೀಜ ತಂದ ಕಥೆ, 1830ರ ಸುಮಾರಿಗೆ ಚಿಕ್ಕಮಗಳೂರಿನ ದಕ್ಷಿಣದ ಬೆಟ್ಟದಲ್ಲಿ ಕ್ಯಾನನ್ ಎಂಬ ದೊರೆ ದೊಡ್ಡದಾಗಿ ತೋಟ ಮಾಡಿದ ಕಥೆ. ಅಮ್ಮ ಒಂದು ಮರ ತೋರಿಸಿ "ಇದು ಹಾಲುವಾಣ ಅಲ್ವೇನಪ್ಪ? ಈಗೆಲ್ಲ ಬರೀ ಸಿಲ್ವರ್ ಓಕು" ಅಂದರು. ರೈಟರ್ ಅಲ್ಲೇ ನಿಂತರು. ಆಮೇಲೆ ನಡೆದದ್ದೇ ಬೇರೆ ಸುತ್ತು.

ಮರ ಮರಕ್ಕೂ ನಿಲ್ಲಿಸಿದರು. ಬಸರಿ, ಅತ್ತಿ, ಹೊನ್ನೆ, ಬೀಟೆ. ಕಾಫಿಗೆ ನೆರಳು ಬೇಕು. ಹಳೇ ತೋಟಗಳಲ್ಲಿ ಕಾಡುಮರಗಳನ್ನು ಉಳಿಸಿಕೊಂಡು ಕೆಳಗೆ ಗಿಡ ಇಡುತ್ತಿದ್ದರು. ಸಿಲ್ವರ್ ಓಕ್ ಆಸ್ಟ್ರೇಲಿಯಾದ್ದು, ಬೇಗ ಬೆಳೆಯುತ್ತೆ, ನೆಟ್ಟಗೆ ಹೋಗುತ್ತೆ, ಮೆಣಸಿನ ಬಳ್ಳಿ ಹಬ್ಬಿಸಲು ಸಲೀಸು. ಹೀಗೆ ಎಷ್ಟೋ ತೋಟಗಳಲ್ಲಿ ಹಳೇ ಮರಗಳ ಜಾಗಕ್ಕೆ ಅದೇ ಬಂತು. ಒಂದು ತೋಟ ಎಷ್ಟು ಹಳೆಯದು ಅಂತ ತಿಳಿಯಬೇಕಾದರೆ ಬಂಗಲೆಗಿಂತ ಮೊದಲು ತಲೆ ಎತ್ತಿ ಮರ ನೋಡಿ ಅಂತ ಅವರು ಹೇಳಿದ್ದು ನನಗೆ ಹಿಡಿಸಿತು.

ಸಂಜೆ ಕಣದ ಹತ್ತಿರ ಹೋದೆವು. ಕುಯ್ದ ಹಣ್ಣು ತೂಕವಾಗುತ್ತಿತ್ತು. ಒಬ್ಬೊಬ್ಬರ ಚೀಲವೂ ತಕ್ಕಡಿಗೆ ಏರುತ್ತೆ, ರೈಟರ್ ಹೆಸರಿನ ಮುಂದೆ ಕಿಲೋ ಬರೆಯುತ್ತಾರೆ. ಕುಯ್ಲಿಗೆ ಈಗ ಅಸ್ಸಾಂ ಕಡೆಯಿಂದ ಬಂದವರೂ ಇದ್ದಾರೆ. ಕೆಲಸದವರ ಸಾಲು ಮನೆಗಳ, ಅಂದರೆ ಲೈನ್ ಮನೆಯ ಹಿರಿಯ ಹೆಂಗಸರು ಮಾತ್ರ ನಮ್ಮವರೇ. ಅವರ ಫೋಟೊ ತೆಗೆಯುವ ಮೊದಲು ಕೇಳಿ. ಅವರು ದುಡಿಯಲು ಬಂದಿದ್ದಾರೆ, ನಮಗೆ ತೋರಿಸಲು ಅಲ್ಲ. ತೂಕ ಮುಗಿಯುತ್ತಿದ್ದ ಹಾಗೆ ಅರೇಬಿಕಾ ಹಣ್ಣು ಪಲ್ಪರಿಗೆ ಹೋಯಿತು. ಕುಯ್ದ ದಿನವೇ ಸಿಪ್ಪೆ ಬಿಡಿಸಬೇಕು, ಇಲ್ಲದಿದ್ದರೆ ಹಣ್ಣು ಹುಳಿತು ಕಾಫಿಗೆ ವಾಸನೆ ಹತ್ತುತ್ತೆ. ಒಂದು ಕಡೆ ಕೆಂಪು ಸಿಪ್ಪೆ, ಇನ್ನೊಂದು ಕಡೆ ಲೋಳೆ ಲೋಳೆಯಾದ ಬೀಜ. ಅದನ್ನು ತೊಟ್ಟಿಯಲ್ಲಿ ಇಟ್ಟು, ಲೋಳೆ ಬಿಟ್ಟ ಮೇಲೆ ತೊಳೆದು, ಕಣದಲ್ಲಿ ಒಣಗಿಸಿದರೆ ಪಾರ್ಚ್‌ಮೆಂಟ್. ಹಣ್ಣನ್ನು ಹಾಗೇ ಸಿಪ್ಪೆ ಸಮೇತ ಒಣಗಿಸಿದರೆ ಚೆರ್ರಿ.

ಒಣಗಿದ್ದು ಸಾಕೋ ಇಲ್ಲವೋ ಅಂತ ಹೇಗೆ ಗೊತ್ತಾಗುತ್ತೆ ಅಂತ ಮಗಳು ಕೇಳಿದಳು. ರೈಟರ್ ಒಂದು ಹಿಡಿ ಚೆರ್ರಿ ಎತ್ತಿ ಅವಳ ಕಿವಿಯ ಹತ್ತಿರ ಅಲ್ಲಾಡಿಸಿದರು. ಗಲಗಲ ಅಂದಿತು. "ಹೀಗೆ ಸದ್ದು ಬಂದರೆ ಒಣಗಿದೆ ಪುಟ್ಟಿ." ಆಮೇಲೆ ಪಕ್ಕದ ರಾಶಿಯಿಂದ ಒಂದು ಪಾರ್ಚ್‌ಮೆಂಟ್ ಬೀಜದ ಹೊಟ್ಟು ಬಿಡಿಸಿ ಕಚ್ಚಲು ಕೊಟ್ಟರು. ಹಲ್ಲಿಗೆ ಮೆತ್ತಗೆ ಸಿಕ್ಕಿತು. "ಇನ್ನೂ ಎರಡು ದಿನ ಬಿಸಿಲು ಬೇಕು" ಅಂದರು. ಮಾರನೆಯ ದಿನ ಬೆಳಿಗ್ಗೆ ಅವಳು ನಮ್ಮೆಲ್ಲರಿಗಿಂತ ಮೊದಲು ಎದ್ದು ಕಣಕ್ಕೆ ಓಡಿದ್ದಳು, ಇನ್ನೊಂದು ಬೀಜ ಕಚ್ಚಿ ನೋಡಲು.

ಇನ್ನು ಬಂಗಲೆ. ಮಂಗಳೂರು ಹೆಂಚು, ರೆಡ್ ಆಕ್ಸೈಡ್ ನೆಲ, ಉದ್ದ ಜಗಲಿ, ಬೆಂಕಿಗೂಡು, ಎಲ್ಲ ನೀವು ಚಿತ್ರಗಳಲ್ಲಿ ನೋಡಿರುತ್ತೀರಿ. ನೆಲದ ಮೇಲೆ ಇಳಿಸಿಟ್ಟ ಹಳೇ ಹೆಂಚು ಕಂಡರೆ ಮಗುಚಿ ನೋಡಿ. ಕಾರ್ಖಾನೆಯ ಮುದ್ರೆ ಇರುತ್ತೆ. ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಮೇಜು, ಕುರ್ಚಿ, ಮಂಚದ ಬಗ್ಗೆ ನಾನು ಜಾಸ್ತಿ ಹೇಳುವುದಿಲ್ಲ.

ಹೇಳಬೇಕಾದದ್ದು ಒಂದು ಪುಸ್ತಕದ ಬಗ್ಗೆ. ಕಾಫಿ ತೋಟಗಳಲ್ಲಿ ಮಳೆ ಲೆಕ್ಕ ಬರೆದಿಡುವ ರೂಢಿ ಇದೆ. ದಿನಾ ಬೆಳಿಗ್ಗೆ ಅಳೆದು, ಇಂಚು, ಸೆಂಟ್ ಲೆಕ್ಕದಲ್ಲಿ ಬರೆಯುತ್ತಾರೆ. ನೂರು ಸೆಂಟಿಗೆ ಒಂದು ಇಂಚು. ಮಾರ್ಚ್, ಏಪ್ರಿಲ್‌ನಲ್ಲಿ ಕಾಫಿ ಗಿಡದ ಹೂ ಅರಳಿಸುವ ಹೂ ಮಳೆ ಎಷ್ಟು ಬಿತ್ತು, ಆಮೇಲಿನ ಮಳೆ ಸರಿಯಾದ ಹೊತ್ತಿಗೆ ಬಂತಾ, ಇದರ ಮೇಲೆಯೇ ವರ್ಷದ ಫಸಲು ನಿಂತಿರುತ್ತೆ. ಈ ತೋಟದಲ್ಲಿ ಹಳೇ ಮಳೆ ಪುಸ್ತಕಗಳನ್ನು ಆಫೀಸಿನ ಬೀರುವಿನಲ್ಲಿ ಇಟ್ಟಿದ್ದರು. ನಾನು ಕೇಳಿದೆ, ಯಜಮಾನರು ಖುಷಿಯಿಂದ ತೆಗೆಸಿದರು. ಯಾರೂ ಕೇಳುವುದಿಲ್ಲವಂತೆ.

ಅಮ್ಮ ಹುಟ್ಟಿದ್ದು 1951ರ ಜುಲೈನಲ್ಲಿ, ಅಲ್ಲಿಂದ ಎರಡು ಹಳ್ಳ ಆಚೆಯ ಊರಿನಲ್ಲಿ. ಹಳ್ಳ ತುಂಬಿ ಸೂಲಗಿತ್ತಿ ಬರಲಾಗದೆ, ಅಜ್ಜಿಯ ಅತ್ತೆಯೇ ಹೆರಿಗೆ ಮಾಡಿಸಿದ್ದು ಅಂತ ನಮ್ಮ ಮನೆಯಲ್ಲಿ ಹೇಳುತ್ತಿದ್ದರು. ನಾವು ಅದನ್ನು ಅಜ್ಜಿಕಥೆ ಅಂದುಕೊಂಡಿದ್ದೆವು. ಮಗಳು ಪುಟ ತಿರುವಿ ಆ ತಾರೀಖು ಹುಡುಕಿದಳು. ನೀಲಿ ಮಸಿ, ಓರೆ ಅಕ್ಷರ. 6 ಇಂಚು 40 ಸೆಂಟ್. ಹಿಂದಿನ ದಿನ 5 ಇಂಚು 15. ಅಮ್ಮ ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, ಆ ಸಾಲಿನ ಮೇಲೆ ಬೆರಳಿಟ್ಟುಕೊಂಡು ಕೂತರು. "ಹಾಗಾದರೆ ಅವ್ವ ಹೇಳಿದ್ದು ನಿಜವೇ" ಅಂದರು. ಆಮೇಲೆ ತುಂಬ ಹೊತ್ತು ಮಾತಿಲ್ಲ. ಅಮ್ಮ ಚಿಕ್ಕವರಿದ್ದಾಗ ತಾತನ ಜೊತೆ ಬಾಳೆಗೊನೆ ಕೊಡಲು ಈ ತೋಟದ ಗೇಟಿನವರೆಗೆ ಬಂದಿದ್ದರಂತೆ. ಒಳಗೆ ಬಿಟ್ಟಿರಲಿಲ್ಲ. ಇದು ನನಗೆ ಅವತ್ತೇ ಗೊತ್ತಾಗಿದ್ದು.

ಹಾಗಾಗಿ ಕೈಮುಗಿದು ಕೇಳುತ್ತೇನೆ, ಮನೆಯ ಹಿರಿಯರನ್ನು ಕರೆದುಕೊಂಡು ಹೋಗಿ. ಅವರಿಗೆ ಎತ್ತರದ ಮೆಟ್ಟಿಲು ಆಗುತ್ತಾ, ಬಚ್ಚಲಲ್ಲಿ ಹಿಡಿಕೆ ಇದೆಯಾ ಅಂತ ಮೊದಲೇ ವಿಚಾರಿಸಿ. ಮಳೆಗಾಲದಲ್ಲಿ ರೇಟು ಇಳಿಯುತ್ತೆ, ತೋಟವೂ ಚೆಂದ. ಆದರೆ ಪಾಚಿ ಕಟ್ಟಿದ ಮೆಟ್ಟಿಲು, ಇಂಬಳದ ಕಾಟ. ವಯಸ್ಸಾದವರಿಗೆ ಬೇಡ. ಮಾರ್ಚ್, ಏಪ್ರಿಲ್‌ನಲ್ಲಿ ಹೋಗುವವರು ಹೂ ಮಳೆ ಬಿದ್ದ ಸುದ್ದಿ ತಿಳಿದುಕೊಂಡು ಹೊರಡಿ. ಮಳೆಯಾಗಿ ಎಂಟು ಹತ್ತು ದಿನಕ್ಕೆ ಇಡೀ ತೋಟ ಬೆಳ್ಳಗಾಗುತ್ತೆ, ಮಲ್ಲಿಗೆಯಂಥ ಘಮ. ಮೂರು ನಾಲ್ಕು ದಿನ ಅಷ್ಟೇ ಇರುವುದು.

ಊಟದ ಬಗ್ಗೆ ಒಂದು ಮಾತು. ಅಡುಗೆಯವರ ಹತ್ತಿರ ಮೊದಲ ದಿನವೇ ಹೋಗಿ "ನೀವು ಮನೆಗೆ ಏನು ಮಾಡಿಕೊಳ್ಳುತ್ತೀರೋ ಅದನ್ನೇ ಕೊಡಿ" ಅನ್ನಿ. ನಮಗೆ ಅಕ್ಕಿ ರೊಟ್ಟಿ, ಕಡುಬು, ಗಾಂಧಾರಿ ಮೆಣಸಿನ ಚಟ್ನಿ ಸಿಕ್ಕಿತು. ಹೊರಡುವಾಗ ಅಡುಗೆಯವರ ಕೈಗೂ ರೈಟರ್ ಕೈಗೂ ನೇರವಾಗಿ ಏನಾದರೂ ಕೊಡಿ.

ಇಷ್ಟು ದುಡ್ಡು ಹಾಕಲು ಆಗದಿದ್ದರೆ ಬೇಸರ ಬೇಡ. ನಮ್ಮ ದೇಶದ ಕಾಫಿ ಬೆಳೆಗಾರರಲ್ಲಿ ಬಹುಪಾಲು ಸಣ್ಣವರು, ಹತ್ತು ಹೆಕ್ಟೇರಿಗಿಂತ ಕಡಿಮೆ ತೋಟ ಇರುವವರು. ಅಂಥವರು ನಡೆಸುವ ಹೋಂಸ್ಟೇಗಳು ಮೂಡಿಗೆರೆ, ಸಕಲೇಶಪುರ, ಕೊಪ್ಪದ ಸುತ್ತ ಬೇಕಾದಷ್ಟಿವೆ. ಅಲ್ಲಿ ಎರಡು ರಾತ್ರಿ ಉಳಿದು, ದೊಡ್ಡ ಬಂಗಲೆಗೆ ಒಂದು ಮಧ್ಯಾಹ್ನ ಊಟಕ್ಕೆ, ತೋಟ ಸುತ್ತಲು ಬರಬಹುದಾ ಅಂತ ಫೋನ್ ಮಾಡಿ ಕೇಳಿ. ಕೆಲವರು ಒಪ್ಪುತ್ತಾರೆ. ಚಿಕ್ಕಮಗಳೂರು ಪೇಟೆಯಲ್ಲಿ ಕಾಫಿ ಮಂಡಳಿಯ ಮ್ಯೂಸಿಯಂ ಇದೆ. ಮಕ್ಕಳಿಗೆ ಅದನ್ನು ಮೊದಲು ತೋರಿಸಿದರೆ ತೋಟದಲ್ಲಿ ಪ್ರಶ್ನೆ ಕೇಳಲು ಬರುತ್ತೆ. ಸಕಲೇಶಪುರದ ಕಡೆ ಉಳಿದರೆ ಮಂಜರಾಬಾದ್ ಕೋಟೆ ಬಿಡಬೇಡಿ. 1792ರಲ್ಲಿ ಟಿಪ್ಪು ಕಟ್ಟಿಸಿದ್ದು, ನಕ್ಷತ್ರದ ಆಕಾರ.

ಬೇಲೂರು, ಹಳೇಬೀಡನ್ನು ವಾಪಸ್ ಬರುವ ದಿನಕ್ಕೆ ಇಟ್ಟುಕೊಳ್ಳಿ. ಬೇಲೂರಿನ ಚೆನ್ನಕೇಶವ ದೇವಸ್ಥಾನ 1117ರದ್ದು. 2023ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಮೇಲೆ ಜನ ಜಾಸ್ತಿ. ತೋಟದಿಂದ ಬೆಳಿಗ್ಗೆ ಬೇಗ ಹೊರಟರೆ ಎಳೆ ಬಿಸಿಲಿನಲ್ಲಿ ಮದನಿಕೆಯರನ್ನು ನಿಧಾನವಾಗಿ ನೋಡಬಹುದು.

ಹೊರಡುವ ಮುಂಚೆ ಆ ತೋಟದ ಕಾಫಿಯನ್ನೇ ಕೊಳ್ಳಿ, ಚಿಕೋರಿ ಬೇಡ ಅಂತ ಹೇಳಿ. ಹುರಿದದ್ದನ್ನು ಮಾತ್ರ ತನ್ನಿ. ಗಿಡ, ಹಣ್ಣು, ಹಸಿ ಬೀಜ ವಿಮಾನದಲ್ಲಿ ತರಲು ಹೋಗಬೇಡಿ. ನಾವು ಎರಡು ಕಿಲೋ ತಂದೆವು. ಮಗಳು ಮಳೆ ಪುಸ್ತಕದ ಆ ಪುಟದ ಫೋಟೊವನ್ನು ಡಬ್ಬಿಗೆ ಅಂಟಿಸಿದ್ದಾಳೆ. ಅಮ್ಮ ಊರಿನಿಂದ ಫೋನ್ ಮಾಡಿದಾಗಲೆಲ್ಲ ಅವಳು ಮೊದಲು ಕೇಳುವುದು, "ಅಜ್ಜಿ, ಇವತ್ತು ಎಷ್ಟು ಸೆಂಟ್?"

ನಿಮ್ಮ ಸಂಪಾದಕಿ