ಭಾನುವಾರದ ಹ್ಯಾಂಗರ್ (ವಿಮಾನ ನಿಲ್ಲಿಸುವ ಶೆಡ್) ಮಾತುಕತೆ: ಎಲ್ಲರೂ ಓದಿ

ನಮಸ್ಕಾರ. ಈ ಭಾನುವಾರ ಬೆಳಿಗ್ಗೆ 10ಕ್ಕೆ ಬೆಂಗಳೂರಿನ ಹಳೇ ಏರ್‌ಪೋರ್ಟ್ ರಸ್ತೆಯ ಎಚ್‌ಎಎಲ್ (ವಿಮಾನ ಕಾರ್ಖಾನೆ) ಮ್ಯೂಸಿಯಂ ಗೇಟ್ ಹತ್ತಿರ ಸೇರೋಣ. ಮಾರತ್ತಹಳ್ಳಿ ಕಡೆಯವರು ಅರ್ಧ ಗಂಟೆ ಮೊದಲೇ ಹೊರಡಿ, ಹೋದ ಸಲದ ಕಥೆ ಬೇಡ.

ಎಚ್‌ಎಎಲ್ ಶುರುವಾಗಿದ್ದು 1940ರಲ್ಲಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ವಿಮಾನಗಳೂ ಇಲ್ಲಿಗೆ ರಿಪೇರಿಗೆ ಬರುತ್ತಿದ್ದವು. ನಾವು ವಿಮಾನದ ಫೋಟೋ ತೆಗೆಯುತ್ತೇವೆ, ಅದನ್ನು ಮಳೆಯಿಂದ ಕಾಪಾಡಿದ ಶೆಡ್ಡನ್ನು ಮಾತ್ರ ತಲೆ ಎತ್ತಿಯೂ ನೋಡಲ್ಲ, ಅಲ್ವಾ? ಅದಕ್ಕೇ ಈ ಸಲ ಮಾತು ಹ್ಯಾಂಗರ್ ಬಗ್ಗೆ.

ಹೋಲಿಕೆಗೆ ಕ್ಯಾಲಿಫೋರ್ನಿಯಾದ ಮಾಫೆಟ್ ಫೀಲ್ಡ್‌ನ ‘ಹ್ಯಾಂಗರ್ ಒನ್’ ತಗೊಂಡಿದ್ದೇನೆ. 1930ರ ದಶಕದಲ್ಲಿ ದೈತ್ಯ ವಾಯುನೌಕೆ (ಹಗುರ ಅನಿಲ ತುಂಬಿ ಹಾರಿಸುವ ನೌಕೆ) ನಿಲ್ಲಿಸಲು ಕಟ್ಟಿದ್ದು. 1,133 ಅಡಿ ಉದ್ದ, ನಡುವೆ ಒಂದೂ ಕಂಬವಿಲ್ಲ. ಬಾಗಿಲು ಕಿತ್ತಳೆ ಸಿಪ್ಪೆಯ ಹಾಗೆ ಬಾಗಿದ್ದು, ಹಳಿಯ ಮೇಲೆ ಪಕ್ಕಕ್ಕೆ ಸರಿಯುತ್ತದೆ. ಹೊರಗಿನ ಹೊದಿಕೆಯಲ್ಲಿ ಪಿಸಿಬಿ ಅನ್ನೋ ವಿಷ, ಜೊತೆಗೆ ಸೀಸ. ಕೆಡವುವ ಮಾತೂ ಬಂತು. ಕೊನೆಗೆ ಹೊದಿಕೆ ಕಿತ್ತು, ಉಕ್ಕಿನ ಎಲುಬುಗೂಡು ಉಳಿಸಿದರು. ಹೊಸ ಚರ್ಮ ಹೊದಿಸಿದರೆ ಅದು ಹಳೇ ಕಟ್ಟಡವೇನಾ? ನನ್ನ ಪ್ರಕಾರ ಹೌದು. ಜಗಳಕ್ಕೆ ತಯಾರಾಗಿ ಬನ್ನಿ.

ದಾರಿಯಲ್ಲಿ ಯಾವುದಾದರೂ ಹಳೇ ತಗಡಿನ ಶೆಡ್ ಕಂಡರೆ ಬೋಲ್ಟ್ ಸುತ್ತ ನೋಡಿ. ಕೆಂಪು ತುಕ್ಕಿನ ಗೆರೆ ಕೆಳಗಿಳಿದಿದ್ದರೆ ಒಂದು ಫೋಟೋ ತೆಗೆದು ಗುಂಪಿಗೆ ಹಾಕಿ. ತಗಡು ಜಾಸ್ತಿ ಹಾಳಾಗುವುದು ಆ ಬೋಲ್ಟಿನ ತೂತಿನಿಂದಲೇ.

ಬರುವವರು ಶನಿವಾರ ಸಂಜೆಯೊಳಗೆ ಹೆಸರು ಹಾಕಿ. ಸುಮ್ನೆ ಹೆಬ್ಬೆರಳಿನ ಇಮೋಜಿ ಒತ್ತಬೇಡಿ, ಲೆಕ್ಕ ಸಿಗಲ್ಲ.