ಸೌದೆ ತಂದಿಟ್ಟವನು

ಪ್ರೀತಿಯ ಗೆಳೆಯಾ,

ನಿನ್ನ ಪತ್ರ ಬಂದು ಎರಡು ವಾರವಾಯಿತು. ಅದರಲ್ಲಿದ್ದ ಒಂದು ಸಾಲು ಮನಸ್ಸಿನಿಂದ ಹೋಗುತ್ತಲೇ ಇಲ್ಲ. 'ಈ ಅಕ್ರಮ ವಲಸಿಗರು ತಪ್ಪು ಮಾಡದಿದ್ದರೆ ಯಾಕೆ ಬಚ್ಚಿಟ್ಟುಕೊಳ್ಳಬೇಕು?' ಅಂತ ಕೇಳಿದ್ದೆ. ಉತ್ತರ ಬರೆಯಲು ಕೂತಾಗ ನೆನಪಾದದ್ದು ಮೇರಿ ಶೆಲ್ಲಿಯ 'ಫ್ರಾಂಕೆನ್‌ಸ್ಟೈನ್'. 1818ರಲ್ಲಿ ಬಂದ ಕಾದಂಬರಿ. ಮೊನ್ನೆ ಮತ್ತೆ ಓದಿದೆ.

ಒಬ್ಬ ವಿಜ್ಞಾನಿ ರಾಕ್ಷಸನಂಥ ಒಂದು ಜೀವವನ್ನು ತಾನೇ ಮಾಡಿ, ಅದಕ್ಕೆ ಉಸಿರು ಕೊಡುವ ಕತೆ ಅದು. ಫ್ರಾಂಕೆನ್‌ಸ್ಟೈನ್ ಅನ್ನುವುದು ಆ ರಾಕ್ಷಸನ ಹೆಸರು ಅಂತಲೇ ಜಾಸ್ತಿ ಜನ ತಿಳಿದಿದ್ದಾರೆ. ಅಲ್ಲ, ಅವನನ್ನು ಮಾಡಿದವನ ಹೆಸರು. ಇವನಿಗೆ ಹೆಸರೇ ಇಲ್ಲ. ಮಾಡಿದವನು ಇವನು ಕಣ್ಣು ಬಿಟ್ಟ ಕೂಡಲೇ ಹೇಸಿ ಓಡಿಹೋದ. ಇವನ ಹತ್ತಿರ ಇದ್ದದ್ದು ಒಂದೇ ದಾಖಲೆ, ಮೈಮೇಲೆ ಹಾಕಿಕೊಂಡು ಬಂದ ಬಟ್ಟೆಯ ಜೇಬಿನಲ್ಲಿದ್ದ, ಮಾಡಿದವನ ದಿನಚರಿ. ತಾನು ಎಷ್ಟು ಅಸಹ್ಯ ಅಂತ ಇವನು ಓದಿ ತಿಳಿದುಕೊಂಡದ್ದು ಅದರಿಂದಲೇ. 'ಅಕ್ರಮ' ಅನ್ನುವ ಪದವೂ ಹೀಗೇ ಬೇರೆಯವರು ಬರೆದಿಟ್ಟದ್ದು. 1975ರಲ್ಲೇ ವಿಶ್ವಸಂಸ್ಥೆಯ ಮಹಾಸಭೆ 'ದಾಖಲೆ ಇಲ್ಲದ ಕಾರ್ಮಿಕರು' ಅನ್ನಿ ಅಂತ ತನ್ನ ಸಂಸ್ಥೆಗಳಿಗೆ ಕೇಳಿಕೊಂಡಿತ್ತು. ನಾವಿನ್ನೂ ಹಳೇ ಪದ ಬಿಟ್ಟಿಲ್ಲ.

ಇವನು ಒಂದು ಮನೆಯ ಗೋಡೆಗೆ ಅಂಟಿಕೊಂಡ ಗೂಡಿನಲ್ಲಿ ಅಡಗುತ್ತಾನೆ. ಬಿರುಕಿನಿಂದ ಒಳಗೆ ನೋಡುತ್ತಾನೆ. ಕಣ್ಣಿಲ್ಲದ ಮುದುಕ, ಮಗ ಫೆಲಿಕ್ಸ್, ಮಗಳು ಅಗಾಥಾ. ಬಡವರು. ರಾತ್ರಿ ಎದ್ದು ಅವರಿಗೆ ಸೌದೆ ತಂದಿಡುತ್ತಾನೆ, ದಾರಿಯ ಹಿಮ ಸರಿಸುತ್ತಾನೆ. ಯಾವ ಒಳ್ಳೇ ದೇವತೆಯೋ ಇದನ್ನು ಮಾಡುತ್ತಿದೆ ಅಂತ ಅವರು ಆಶ್ಚರ್ಯಪಡುತ್ತಾರೆ. ಶೇಕ್ಸ್‌ಪಿಯರ್‌ನ 'ದಿ ಟೆಂಪೆಸ್ಟ್' ನಾಟಕದ ಕ್ಯಾಲಿಬನ್‌ ಕೂಡ ಸೌದೆ ಹೊರುವ ಗುಲಾಮನೇ. ಯಜಮಾನ ಅವನನ್ನು ಬಾಯಿಗೆ ಬಂದಂತೆ ಬೈಯುತ್ತಾನೆ. ಆದರೆ ಅವನಿಲ್ಲದೆ ನಮಗೆ ಆಗುವುದಿಲ್ಲ ಅಂತ ಮಗಳಿಗೆ ಹೇಳುತ್ತಾನೆ.

ದಾಖಲೆ ಇಲ್ಲದೆ ದುಡಿಯುವವರೂ ಹೀಗೇ. ಹೊಲದಲ್ಲಿ ಹಣ್ಣು ಕೀಳುವವರು, ಎಲ್ಲರೂ ಹೋದ ಮೇಲೆ ಆಫೀಸಿನ ನೆಲ ಒರೆಸುವವರು, ಬೇರೆಯವರ ವಯಸ್ಸಾದ ತಂದೆತಾಯಿಯನ್ನು ನೋಡಿಕೊಳ್ಳುವವರು. ಕೂಲಿ ಕೊಡದಿದ್ದರೆ ಇವರು ಯಾರಿಗೆ ದೂರು ಕೊಡಬೇಕು? ದೂರು ಕೊಡಲು ಹೋದವರನ್ನೇ ಹಿಡಿದು ಗಡೀಪಾರು ಮಾಡಿದರೆ? ಬ್ರಿಟನ್ 2014ರ ಕಾಯ್ದೆಯಲ್ಲಿ, ಬಾಡಿಗೆಗೆ ಬರುವವರಿಗೆ ದೇಶದಲ್ಲಿರಲು ಹಕ್ಕಿದೆಯೇ ಅನ್ನುವ ದಾಖಲೆಯನ್ನು ಮನೆ ಮಾಲೀಕರೇ ನೋಡಬೇಕು ಅಂತ ಮಾಡಿತು. ಗಡಿ ಮನೆ ಬಾಗಿಲಿಗೇ ಬಂತು. ಇನ್ನು ಬಚ್ಚಿಟ್ಟುಕೊಳ್ಳದೆ ಏನು ಮಾಡುತ್ತಾರೆ ಹೇಳು.

ಬಚ್ಚಿಟ್ಟುಕೊಳ್ಳದವರೂ ಇದ್ದಾರೆ. 1996ರಲ್ಲಿ ಪ್ಯಾರಿಸ್ಸಿನ ಸೇಂಟ್ ಬರ್ನಾರ್ಡ್ ಚರ್ಚಿನಲ್ಲಿ ಸುಮಾರು 300 ವಲಸಿಗರು ಬಂದು ಕೂತರು. ನಾವು 'ಸಾನ್ ಪಾಪಿಯೆ', ಕಾಗದ ಇಲ್ಲದವರು ಅಂತ ತಾವೇ ಹೇಳಿಕೊಂಡು, ಎಲ್ಲರಿಗೂ ಮುಖ ತೋರಿಸಿದರು. ಆಗಸ್ಟ್ 23ರಂದು ಪೊಲೀಸರು ಕೊಡಲಿಯಿಂದ ಬಾಗಿಲು ಒಡೆದು ಅವರನ್ನು ಹೊರಗೆ ಹಾಕಿದರು.

ಮತ್ತೆ ಕಾದಂಬರಿಯ ಆ ಮನೆಗೆ ಬರುತ್ತೇನೆ, ಯಾಕೆಂದರೆ ನನ್ನನ್ನು ಜಾಸ್ತಿ ಕಲಕಿದ ಸಂಗತಿ ಅಲ್ಲಿದೆ. ಅಲ್ಲಿಗೆ ಸಫೀ ಅನ್ನುವ ಹುಡುಗಿ ಬರುತ್ತಾಳೆ. ಅವಳೂ ಪರದೇಶದವಳು, ಭಾಷೆ ಬಾರದು. ಫೆಲಿಕ್ಸ್ ಅವಳಿಗೆ ಮಾತು ಕಲಿಸುತ್ತಾನೆ. ಗೋಡೆಯಾಚೆ ಕೂತು ಇವನೂ ಕಲಿಯುತ್ತಾನೆ, ಅವಳಿಗಿಂತ ಬೇಗ ಕಲಿಯುತ್ತಾನೆ. ಪಾಠ ಒಂದೇ. ಅವಳು ಒಳಗೆ, ಇವನು ಹೊರಗೆ.

ಆ ಮನೆಯವರಾದರೂ ಯಾರು? ಫ್ರಾನ್ಸಿನಿಂದ ಗಡೀಪಾರಾದವರು! ಅನ್ಯಾಯವಾಗಿ ಮರಣದಂಡನೆಗೆ ಗುರಿಯಾಗಿದ್ದ ಸಫೀಯ ತಂದೆಯನ್ನು ಜೈಲಿನಿಂದ ಪಾರುಮಾಡಿದ್ದು ಇದೇ ಫೆಲಿಕ್ಸ್. ಅದಕ್ಕಾಗಿ ತನ್ನ, ತಂದೆಯ, ತಂಗಿಯ ಹೆಸರಿನಲ್ಲಿ ಪಾಸ್‌ಪೋರ್ಟ್ ಮಾಡಿಸಿದ್ದ. ಬೇರೆಯವರ ಹೆಸರಿನ ಕಾಗದದಲ್ಲಿ ಒಬ್ಬ ಪರದೇಶದವನನ್ನು ಗಡಿ ದಾಟಿಸಿದ ಅದೇ ಕೈ, ಕೊನೆಗೆ ಗೋಡೆಯಾಚೆ ಅಡಗಿದ್ದ ಇವನನ್ನು ಕೋಲಿನಿಂದ ಹೊಡೆಯುತ್ತದೆ.

ಮುಂದೆ ಇವನು ಕೊಲೆಗಾರನಾಗುತ್ತಾನಲ್ಲ ಅಂತ ನೀನು ಕೇಳುತ್ತೀಯ. ಹೌದು, ಒಂದು ಮಗುವನ್ನೂ ಕೊಲ್ಲುತ್ತಾನೆ. ಅದನ್ನು ಮುಚ್ಚಿಟ್ಟು ಮಾತಾಡಲಾರೆ. ವಲಸೆ ಬಂದವರನ್ನು ರಾಕ್ಷಸನಿಗೆ ಹೋಲಿಸುವುದು ನನಗೆ ಬೇಡ. ನಾನು ಹೋಲಿಸುತ್ತಿರುವುದು ಆ ಮನೆಯವರನ್ನು, ನಮಗೆ. ಸೌದೆ ತಂದಿಟ್ಟ ಅನ್ನುವ ಕಾರಣಕ್ಕೆ ಅವನನ್ನು ಒಳಗೆ ಕರೆಯಬೇಕಿತ್ತು ಅಂತಲೂ ಅಲ್ಲ. ಚಳಿಯಲ್ಲಿದ್ದ, ಅಷ್ಟು ಸಾಕಿತ್ತು ಅಲ್ವಾ?

ಸಾಧ್ಯವಾದರೆ ಅವನು ಮುದುಕನ ಎದುರು ಕೂತು ಮಾತಾಡುವ ಭಾಗ ಓದು. ಮನೆಯಲ್ಲಿ ಬೇರೆ ಯಾರೂ ಇಲ್ಲ. ಕಣ್ಣು ಕಾಣದ ಮುದುಕನಿಗೆ ಇವನ ಮಾತು ನಂಬಬೇಕು ಅನ್ನಿಸುತ್ತದೆ. ನಾವೂ ಅನ್ಯಾಯಕ್ಕೆ ಸಿಕ್ಕಿದವರೇ ಅನ್ನುತ್ತಾನೆ. ಆಗ ಹೊರಗೆ ಹೆಜ್ಜೆ ಸಪ್ಪಳ. ಇವನು ಮುದುಕನ ಕೈ ಹಿಡಿದುಕೊಂಡು, ನಾನು ಹುಡುಕಿಕೊಂಡು ಬಂದದ್ದು ನಿಮ್ಮನ್ನೇ, ಕಾಪಾಡಿ ಅನ್ನುತ್ತಾನೆ. ಮುದುಕ ಬೆಚ್ಚಿ, ನೀನು ಯಾರು ಅಂತ ಕೇಳುತ್ತಾನೆ. ಅಷ್ಟರಲ್ಲಿ ಬಾಗಿಲು ತೆರೆಯುತ್ತದೆ.

ನಿನ್ನ ಪತ್ರಕ್ಕೆ ಕಾಯುತ್ತಿರುತ್ತೇನೆ.

ನಿನ್ನ ಗೆಳೆಯ