ಸಲಿಂಗ ಜೋಡಿಗಳಿಗೆ ಆಶೀರ್ವಾದ: ವ್ಯಾಟಿಕನ್ ನಿಜವಾಗಿ ಹೇಳಿದ್ದೇನು?

ಮಾನ್ಯ ಸಂಪಾದಕರೇ,

ಸಲಿಂಗ ಜೋಡಿಗಳನ್ನು ಚರ್ಚ್‌ಗಳು ಆಶೀರ್ವದಿಸುವ ಕುರಿತು ತಮ್ಮ ಪತ್ರಿಕೆಯ ಓದುಗರ ಅಂಕಣದಲ್ಲಿ ಇತ್ತೀಚೆಗೆ ಪ್ರಕಟವಾದ ಪತ್ರಗಳನ್ನು ಓದಿದೆ. ಚರ್ಚ್ ಕೊನೆಗೂ ಸಲಿಂಗ ವಿವಾಹವನ್ನು ಒಪ್ಪಿಕೊಂಡಿತೆಂದು ಒಬ್ಬರು ಸಂತೋಷಪಟ್ಟಿದ್ದಾರೆ. ಅದೇ ಕಾರಣಕ್ಕೆ ಇನ್ನೊಬ್ಬರು ಚರ್ಚನ್ನು ತರಾಟೆಗೆ ತೆಗೆದುಕೊಂಡಿದ್ದಾರೆ. ಕಥೋಲಿಕ ಸಭೆಯ ಮಟ್ಟಿಗೆ ಹೇಳುವುದಾದರೆ, ಇಬ್ಬರೂ ನಡೆಯದೇ ಇರುವ ಸಂಗತಿಯೊಂದರ ಬಗ್ಗೆ ಜಗಳಕ್ಕೆ ನಿಂತಿದ್ದಾರೆ. ಕರಾವಳಿಯ ಸಾಮಾನ್ಯ ಕಥೋಲಿಕನೊಬ್ಬನಾಗಿ ಈ ವಿಷಯವನ್ನು ಸ್ವಲ್ಪ ವಿವರವಾಗಿ ತಮ್ಮ ಓದುಗರ ಮುಂದಿಡಲು ಅನುಮತಿ ಕೋರುತ್ತೇನೆ.

ವ್ಯಾಟಿಕನ್ನಿನ ವಿಶ್ವಾಸ ಸಿದ್ಧಾಂತ ಇಲಾಖೆಯು 2021ರ ಮಾರ್ಚ್‌ನಲ್ಲಿ, ತನಗೆ ಬಂದ ಪ್ರಶ್ನೆಯೊಂದಕ್ಕೆ ಉತ್ತರವಾಗಿ, ಸಲಿಂಗ ಸಂಬಂಧಗಳನ್ನು ಆಶೀರ್ವದಿಸುವ ಅಧಿಕಾರ ಧರ್ಮಸಭೆಗೆ ಇಲ್ಲವೆಂದು ಖಚಿತವಾಗಿ ಹೇಳಿತ್ತು. ದೇವರು ಪಾಪವನ್ನು ಆಶೀರ್ವದಿಸಲಾರರು ಎಂಬ ಮಾತು ಆ ಉತ್ತರದಲ್ಲಿಯೇ ಇತ್ತು. ಅದೇ ಇಲಾಖೆ, ಕಾರ್ಡಿನಲ್ ವಿಕ್ಟರ್ ಮ್ಯಾನುಯೆಲ್ ಫೆರ್ನಾಂಡೆಸ್ ಅವರ ನೇತೃತ್ವದಲ್ಲಿ, 2023ರ ಡಿಸೆಂಬರ್ 18ರಂದು ‘ಫಿದೂಚಿಯಾ ಸುಪ್ಲಿಕಾನ್ಸ್’ ಎಂಬ ಘೋಷಣೆಯನ್ನು ಹೊರಡಿಸಿತು. ಪೋಪ್ ಫ್ರಾನ್ಸಿಸ್ ಅದಕ್ಕೆ ಸಹಿ ಹಾಕಿದ್ದರು. ವಿವಾಹವೆಂದರೆ ಗಂಡು ಹೆಣ್ಣಿನ ನಡುವಿನ, ಬಿಡಿಸಲಾಗದ, ಸಂತಾನಕ್ಕೆ ತೆರೆದುಕೊಂಡ ಬಂಧ ಎಂಬ ಬೋಧನೆಯನ್ನು ಆ ಘೋಷಣೆ ಒಂದಿನಿತೂ ಸಡಿಲಿಸಲಿಲ್ಲ. ಸಲಿಂಗ ಜೋಡಿಯೊಂದು ಧರ್ಮಗುರುಗಳ ಬಳಿ ಬಂದು ಆಶೀರ್ವಾದ ಬೇಡಿದರೆ ಅವರು ಕೊಡಬಹುದು. ಆದರೆ ಅದಕ್ಕೆ ನಿಗದಿತ ಪೂಜಾವಿಧಿ ಇರಕೂಡದು, ಕಾನೂನಿನನ್ವಯ ನಡೆಯುವ ನೋಂದಣಿ ಸಮಾರಂಭದ ಜೊತೆಗೆ ಅದು ನಡೆಯಕೂಡದು, ಮದುವೆಯ ಉಡುಪು, ಹಾವಭಾವ, ಮಾತುಗಳಾವುವೂ ಅಲ್ಲಿ ಕಾಣಿಸಿಕೊಳ್ಳಕೂಡದು ಎಂದು ಅದು ವಿಧಿಸಿತು. ಇಂಥ ಆಶೀರ್ವಾದಕ್ಕೆ ತಕ್ಕ ಸಂದರ್ಭಗಳಾಗಿ ಪುಣ್ಯಕ್ಷೇತ್ರದ ಭೇಟಿ, ಯಾತ್ರೆ, ಗುಂಪಿನ ಪ್ರಾರ್ಥನೆ, ಧರ್ಮಗುರುಗಳೊಂದಿಗಿನ ಭೇಟಿಗಳನ್ನು ಅದು ಹೆಸರಿಸುತ್ತದೆ. ಆಶೀರ್ವಾದ ಬೇಡಿ ಬಂದವರ ನಡತೆಯನ್ನು ಮೊದಲು ಅಳೆದು ತೂಗಬೇಕೆಂಬ ಷರತ್ತು ಬೇಡವೆಂದೂ ಹೇಳುತ್ತದೆ.

ಈ ಕಡೆಯ ಮಾತು ನಮಗೆ ಹೊಸದೇನಲ್ಲ. ಜನವರಿಯಲ್ಲಿ ಕಾರ್ಕಳದ ಅತ್ತೂರಿನ ಸಂತ ಲಾರೆನ್ಸ್ ಬಸಿಲಿಕಾದ ವಾರ್ಷಿಕ ಹಬ್ಬಕ್ಕೆ ಹೋದವರಿಗೆ ಗೊತ್ತು: ಮೇಣದ ಬತ್ತಿ ಹಿಡಿದು ಬಿಸಿಲಿನಲ್ಲಿ ಸಾಲು ನಿಲ್ಲುವವರಲ್ಲಿ ಕ್ರೈಸ್ತರೆಷ್ಟೋ ಅಷ್ಟೇ ಮಂದಿ ಇತರ ಧರ್ಮದವರು ಇರುತ್ತಾರೆ. ಮಗುವಿನ ಕಾಯಿಲೆಯೆಂದು, ಮನೆ ಕಟ್ಟಲು ಸಾಲ ಸಿಗಲೆಂದು, ಕುಡಿತ ಬಿಡಲೆಂದು, ಗಂಡ ಬಿಟ್ಟುಹೋದನೆಂದು ಬಂದವರೆಲ್ಲ ತಲೆ ಬಾಗಿಸುತ್ತಾರೆ. ಗುರುಗಳು ತಲೆಯ ಮೇಲೆ ಕೈಯಿಟ್ಟು ಎರಡು ಮಾತು ಪ್ರಾರ್ಥಿಸುತ್ತಾರೆ. ಕ್ರಮಪ್ರಕಾರ ಮದುವೆಯಾಗಿದ್ದೀರಾ, ಕಳೆದ ಭಾನುವಾರ ಪೂಜೆಗೆ ಬಂದಿದ್ದಿರಾ, ನಿಮ್ಮದು ಯಾವ ಧರ್ಮ ಎಂದು ಕೇಳಿದ್ದನ್ನು ನಾನು ಕಂಡಿಲ್ಲ. ಬಸ್ಸು, ರಿಕ್ಷಾಗಳಿಗೂ ತೀರ್ಥ ಚಿಮುಕಿಸುವ ನಮ್ಮ ಗುರುಗಳು, ಆ ರಿಕ್ಷಾದ ಮಾಲೀಕ ಮೀಟರಿಗೆ ತಕ್ಕಂತೆ ಬಾಡಿಗೆ ಪಡೆಯುತ್ತಾನೋ ಇಲ್ಲವೋ ಎಂದು ವಿಚಾರಿಸುವುದಿಲ್ಲ. ಆಶೀರ್ವಾದವು ಬೇಡುವವನ ಯೋಗ್ಯತೆಗೆ ಸಿಗುವ ಬಹುಮಾನವಲ್ಲ, ಅವನ ಕೊರತೆಗೆ ಸಿಗುವ ಆಸರೆ ಎಂಬ ನಂಬಿಕೆಯಿಂದಲೇ ಆ ಸಾಲು ಅಷ್ಟು ಉದ್ದವಾಗಿರುತ್ತದೆ. ಹಾಗಿರುವಾಗ ಇಬ್ಬರು ಗಂಡಸರೋ ಇಬ್ಬರು ಹೆಂಗಸರೋ ಒಟ್ಟಿಗೆ ಬಂದು ನಿಂತಾಗ ಮಾತ್ರ ಪರೀಕ್ಷೆಯ ಪ್ರಶ್ನೆಪತ್ರಿಕೆ ಹೊರತೆಗೆಯುವುದು ನ್ಯಾಯವಲ್ಲ ಎಂದೇ ನನ್ನ ಅಭಿಪ್ರಾಯ.

ಆದರೆ ಘೋಷಣೆ ಹೊರಬಿದ್ದ ಮೇಲೆ ನಡೆದದ್ದು ಬೇರೆ. ಮರುದಿನವೇ ನ್ಯೂಯಾರ್ಕಿನಲ್ಲಿ ಯೇಸುಸಭೆಯ ಪ್ರಸಿದ್ಧ ಗುರು ಜೇಮ್ಸ್ ಮಾರ್ಟಿನ್ ಅವರು ಸಲಿಂಗ ಜೋಡಿಯೊಂದನ್ನು ಆಶೀರ್ವದಿಸಿದ ಚಿತ್ರ ಅಲ್ಲಿನ ದೊಡ್ಡ ಪತ್ರಿಕೆಯಲ್ಲಿ ಪ್ರಕಟವಾಗಿ ಜಗತ್ತಿಗೆಲ್ಲ ತಲುಪಿತು. ಅವರ ಸದುದ್ದೇಶವನ್ನು ಶಂಕಿಸುವವನು ನಾನಲ್ಲ. ಆದರೂ ಛಾಯಾಗ್ರಾಹಕರ ಎದುರಿನಲ್ಲಿ ನಡೆದ ಆಶೀರ್ವಾದವನ್ನು ‘ಯಾತ್ರೆಯ ದಾರಿಯಲ್ಲಿ ತಾನಾಗಿ ಒದಗಿದ್ದು’ ಎನ್ನುವುದು ಕಷ್ಟ. ಇತ್ತ ಗದ್ದಲ ತಣಿಸಲು ಕಾರ್ಡಿನಲ್ ಫೆರ್ನಾಂಡೆಸ್ 2024ರ ಜನವರಿ 4ರಂದು ಕೊಟ್ಟ ಸ್ಪಷ್ಟೀಕರಣ ನನ್ನನ್ನು ಇನ್ನೂ ಹೆಚ್ಚು ಮುಜುಗರಕ್ಕೀಡುಮಾಡಿತು. ಇವು ಹತ್ತು ಹದಿನೈದು ಸೆಕೆಂಡುಗಳ ಆಶೀರ್ವಾದಗಳು ಎಂದು ಅವರು ಬರೆದರು. ಮಾದರಿಗೆಂದು, ಈ ಇಬ್ಬರಿಗೂ ಆರೋಗ್ಯ, ಕೆಲಸ, ಶಾಂತಿ, ಪರಸ್ಪರ ನೆರವನ್ನು ದಯಪಾಲಿಸು, ನಿನ್ನ ಶುಭಸಂದೇಶಕ್ಕೆ ವಿರುದ್ಧವಾದ ಎಲ್ಲದರಿಂದಲೂ ಬಿಡಿಸು ಎಂಬ ಅರ್ಥದ ಪುಟ್ಟ ಪ್ರಾರ್ಥನೆಯೊಂದನ್ನೂ ಕೊಟ್ಟರು. ಪ್ರಾರ್ಥನೆಯಲ್ಲಿ ತಕರಾರು ತೆಗೆಯುವಂಥದ್ದೇನೂ ಇಲ್ಲ. ನಾವೆಲ್ಲರೂ ನಮಗಾಗಿ ಹಾಗೆಯೇ ಬೇಡಿಕೊಳ್ಳಬಹುದು. ಆದರೆ ದೇವರ ಕರುಣೆಯನ್ನು ಗಡಿಯಾರ ಹಿಡಿದು ಅಳೆದುಕೊಡುವ ಅಗತ್ಯವಾದರೂ ಏನಿತ್ತು?

ವಿರೋಧಿಸಿದವರನ್ನೆಲ್ಲ ದ್ವೇಷಿಗಳೆಂದು ತಮ್ಮ ಓದುಗರೊಬ್ಬರು ಕರೆದಿರುವುದು ಸರಿಯಲ್ಲ. 2024ರ ಜನವರಿ 11ರಂದು ಕಾಂಗೋ ದೇಶದ ರಾಜಧಾನಿ ಕಿನ್ಶಾಸಾದ ಕಾರ್ಡಿನಲ್ ಫ್ರಿಡೋಲಿನ್ ಅಂಬೊಂಗೊ ಅವರು ಆಫ್ರಿಕಾದ ಬಿಷಪರ ಪರವಾಗಿ, ತಮ್ಮ ಖಂಡದಲ್ಲಿ ಇಂಥ ಆಶೀರ್ವಾದ ತಕ್ಕುದಲ್ಲವೆಂದು ಪ್ರಕಟಿಸಿದರು. ಅದೇ ಹೇಳಿಕೆಯಲ್ಲಿ ಪೋಪರೊಂದಿಗಿನ ತಮ್ಮ ಐಕ್ಯವನ್ನೂ ದೃಢಪಡಿಸಿದರು. ಆಫ್ರಿಕಾದ ಮನಸ್ಸನ್ನು ಅರಿಯಬೇಕಾದರೆ ಉಗಾಂಡಾದ ರಕ್ತಸಾಕ್ಷಿಗಳನ್ನು ನೆನೆಯಬೇಕು. 1885ರಿಂದ 1887ರ ನಡುವೆ ಇಂದಿನ ಉಗಾಂಡಾದಲ್ಲಿದ್ದ ಬುಗಾಂಡಾ ರಾಜ್ಯದ ಅರಸ ಮ್ವಾಂಗ ಕೊಲ್ಲಿಸಿದ ಕ್ರೈಸ್ತರಲ್ಲಿ ಅನೇಕರು ಅರಮನೆಯ ಊಳಿಗದ ಎಳೆಯ ಹುಡುಗರು. ಹೊಸ ಧರ್ಮ ಹಿಡಿದದ್ದರ ಜೊತೆಗೆ, ಅರಸನ ಕಾಮಕ್ಕೆ ಒಪ್ಪದಿದ್ದದ್ದೂ ಅವರ ಸಾವಿಗೆ ಕಾರಣವೆಂದು ಅಲ್ಲಿನ ಜನ ನಂಬಿದ್ದಾರೆ. ಅವರಲ್ಲಿ 22 ಮಂದಿ ಕಥೋಲಿಕರನ್ನು ಪೋಪ್ ಆರನೆಯ ಪೌಲ್ 1964ರಲ್ಲಿ ಸಂತರೆಂದು ಘೋಷಿಸಿದರು. ಇಂದಿಗೂ ಜೂನ್ 3ರಂದು, ಅವರಲ್ಲಿ ಹಲವರು ಪ್ರಾಣ ತೆತ್ತ ನಮುಗೊಂಗೊದಲ್ಲಿ ಜನ ಕಿಕ್ಕಿರಿದು ಸೇರುತ್ತಾರೆ. ಇಂಥ ನೆನಪನ್ನು ಹೊತ್ತ ಸಭೆಗೆ ರೋಮಿನಿಂದ ಕ್ರಿಸ್‌ಮಸ್ಸಿಗೆ ಒಂದು ವಾರ ಇರುವಾಗ, ಮುನ್ಸೂಚನೆಯೇ ಇಲ್ಲದೆ ಬಂದ ಘೋಷಣೆ ಹೇಗೆ ಕೇಳಿಸಿರಬಹುದೆಂದು ಊಹಿಸುವುದು ಕಷ್ಟವಲ್ಲ. ಆದರೆ ಬಲಾತ್ಕಾರ ಮಾಡಿದ ಅರಸನಿಗೂ ಪರಸ್ಪರ ಒಪ್ಪಿ ಬಾಳುತ್ತಿರುವ ಇಬ್ಬರಿಗೂ ಇರುವ ಅಂತರವನ್ನು ಬಿಷಪರು ತಮ್ಮ ಜನರಿಗೆ ತಿಳಿಸಿಹೇಳಬೇಕಾಗಿತ್ತು. ಅದೇ ಉಗಾಂಡಾದಲ್ಲಿ 2023ರಲ್ಲಿ ಜಾರಿಗೆ ಬಂದ ಸಲಿಂಗಕಾಮ ವಿರೋಧಿ ಕಾಯ್ದೆ ಕೆಲವು ಸಂದರ್ಭಗಳಲ್ಲಿ ಮರಣದಂಡನೆಯನ್ನೂ ವಿಧಿಸುತ್ತದೆ. ಆಶೀರ್ವಾದ ಬೇಡವೆನ್ನುವ ಹಕ್ಕು ಧರ್ಮಾಧ್ಯಕ್ಷರಿಗಿದೆ. ನೇಣಿನ ವಿಷಯದಲ್ಲಿ ಸುಮ್ಮನಿರುವ ಹಕ್ಕು ಇದೆಯೆಂದು ನಾನು ಒಪ್ಪಲಾರೆ.

ಇಂಗ್ಲೆಂಡಿನ ಆಂಗ್ಲಿಕನ್ ಸಭೆ ಹಿಡಿದದ್ದು ಇನ್ನೊಂದು ದಾರಿ. ಅಲ್ಲಿ ಮುದ್ರಿತ ಪ್ರಾರ್ಥನೆಗಳೇ ಸಿದ್ಧವಾದವು. 2023ರ ಫೆಬ್ರುವರಿಯಲ್ಲಿ ಅಲ್ಲಿನ ಮಹಾಸಭೆ ಅದಕ್ಕೆ ಒಪ್ಪಿಗೆ ಕೊಟ್ಟಾಗ ಬಿಷಪರಲ್ಲಿ 36 ಮಂದಿ ಪರವಾಗಿಯೂ ಕೇವಲ ನಾಲ್ವರು ವಿರುದ್ಧವಾಗಿಯೂ ಇದ್ದರು. ಪಾದ್ರಿಗಳಲ್ಲದ ಸಾಮಾನ್ಯ ಸದಸ್ಯರ ವಿಭಾಗದಲ್ಲಿ ಮಾತ್ರ 103ಕ್ಕೆ 92 ಮತಗಳ ಸಣ್ಣ ಅಂತರ. ಡಿಸೆಂಬರ್ 17ರಂದು, ಅಂದರೆ ವ್ಯಾಟಿಕನ್ ಘೋಷಣೆಯ ಹಿಂದಿನ ದಿನ, ಆ ಪ್ರಾರ್ಥನೆಗಳು ಬಳಕೆಗೆ ಬಂದವು. ಮದುವೆಯ ಬೋಧನೆ ಬದಲಾಗಿಲ್ಲವೆನ್ನುತ್ತಲೇ ಆರಾಧನೆಯ ಮಧ್ಯೆ ಜೋಡಿಯನ್ನು ಮುಂದೆ ಕರೆದು ಪ್ರಾರ್ಥಿಸುವ ಈ ಏರ್ಪಾಡು ಯಾರನ್ನೂ ತೃಪ್ತಿಪಡಿಸಲಿಲ್ಲ. ಆಫ್ರಿಕಾ, ಏಷ್ಯಾ ಮೊದಲಾದ ಕಡೆಗಳ ಹಲವು ಆಂಗ್ಲಿಕನ್ ಮುಖ್ಯಸ್ಥರು ಅಂದಿನ ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಜಸ್ಟಿನ್ ವೆಲ್ಬಿ ಅವರನ್ನು ಜಾಗತಿಕ ಆಂಗ್ಲಿಕನ್ ಬಳಗದ ಅಗ್ರಗಣ್ಯರೆಂದು ಒಪ್ಪಲಾರೆವೆಂದರು. ಇಂಥ ಜೋಡಿಗಳಿಗೆಂದೇ ಪ್ರತ್ಯೇಕವಾದ ಆರಾಧನೆ ನಡೆಸಬೇಕಾದರೆ ಮಹಾಸಭೆಯಲ್ಲಿ ಮೂರನೆಯ ಎರಡರಷ್ಟು ಬಹುಮತ ಬೇಕೆಂದು 2025ರ ಅಕ್ಟೋಬರ್‌ನಲ್ಲಿ ಬಿಷಪರು ಹಿಂದೆ ಸರಿದರು. ಇದು ದೂರದ ಮಾತೆಂದು ನಾವು ತಳ್ಳಿಹಾಕುವಂತಿಲ್ಲ. ಮಂಗಳೂರು, ಧಾರವಾಡ, ಬೆಂಗಳೂರುಗಳಲ್ಲಿರುವ ದಕ್ಷಿಣ ಭಾರತ ಸಭೆಯ ಚರ್ಚ್‌ಗಳೂ ಅದೇ ಜಾಗತಿಕ ಆಂಗ್ಲಿಕನ್ ಬಳಗಕ್ಕೆ ಸೇರಿದವು.

ಬೋಧನೆಯನ್ನೇ ಬದಲಿಸಬೇಕೆನ್ನುವವರು ಅದನ್ನು ನೇರವಾಗಿ ಹೇಳಿ, ಚರ್ಚಿಸಿ, ಮತ ಹಾಕಿ, ಅದರ ಬೆಲೆಯನ್ನೂ ತೆರಬೇಕು. ಸಲಿಂಗ ವಿವಾಹ ನೆರವೇರಿಸಲು ತನ್ನ ಪಾದ್ರಿಗಳಿಗೆ ಅವಕಾಶ ಕೊಟ್ಟ ಸ್ಕಾಟ್ಲೆಂಡಿನ ಸಭೆ 2022ರಲ್ಲಿ ಹಾಗೆ ಮಾಡಿತು. ಅಮೆರಿಕದ ಯುನೈಟೆಡ್ ಮೆಥಡಿಸ್ಟ್ ಸಭೆ 2024ರಲ್ಲಿ ಸಲಿಂಗ ವಿವಾಹ ನಡೆಸುವುದರ ಮೇಲಿದ್ದ ತನ್ನ ನಿಷೇಧವನ್ನು ತೆಗೆದುಹಾಕುವಷ್ಟರಲ್ಲಿ ಅಲ್ಲಿನ ಸ್ಥಳೀಯ ಸಭೆಗಳಲ್ಲಿ ಸುಮಾರು ನಾಲ್ಕನೆಯ ಒಂದು ಭಾಗ ಹೊರನಡೆದಿತ್ತು. ಆ ನಿರ್ಧಾರಗಳನ್ನು ಒಪ್ಪುವುದು ಬಿಡುವುದು ಬೇರೆ ವಿಷಯ. ಅವುಗಳಲ್ಲಿ ಮುಚ್ಚುಮರೆ ಇರಲಿಲ್ಲ. ಬೋಧನೆ ಇದ್ದಂತೆಯೇ ಇರಲಿ, ಆಚರಣೆಯನ್ನು ಮಾತ್ರ ಹಿಂಬಾಗಿಲಿನಿಂದ ಒಳತರೋಣ ಎನ್ನುವ ಯುರೋಪಿನ ಕೆಲವು ಕಥೋಲಿಕರ ಧೋರಣೆ ನನಗೆ ಒಪ್ಪಿಗೆಯಿಲ್ಲ. ಪೋಪ್ ಹದಿನಾಲ್ಕನೆಯ ಲಿಯೋ ಅವರೂ 2025ರ ಸಂದರ್ಶನವೊಂದರಲ್ಲಿ, ಉತ್ತರ ಯುರೋಪಿನಲ್ಲಿ ಪ್ರಕಟವಾಗುತ್ತಿರುವ ಆಶೀರ್ವಾದ ವಿಧಿಗಳು ಫ್ರಾನ್ಸಿಸರ ಘೋಷಣೆಗೇ ವಿರುದ್ಧವೆಂದು ಹೇಳಿದ್ದಾರೆ. ಲಿಯೋ ಅವರು ಆ ಘೋಷಣೆಯನ್ನು ಹಿಂಪಡೆದಿಲ್ಲ ಎಂಬುದನ್ನು ಸಂಪ್ರದಾಯವಾದಿಗಳೂ ಗಮನಿಸಬೇಕು.

ನಮ್ಮ ದೇಶದಲ್ಲಿ ಈ ಚರ್ಚೆಗೆ ಇನ್ನೊಂದು ಮುಖವಿದೆ. 2018ರಲ್ಲಿ ಸುಪ್ರೀಂ ಕೋರ್ಟ್ ವಯಸ್ಕರ ಸಮ್ಮತಿಯ ಸಂಬಂಧವನ್ನು ಅಪರಾಧದ ಪಟ್ಟಿಯಿಂದ ತೆಗೆಯಿತು. 2023ರ ಅಕ್ಟೋಬರ್ 17ರ ತೀರ್ಪಿನಲ್ಲಿ ಸಲಿಂಗ ವಿವಾಹಕ್ಕೆ ಮಾನ್ಯತೆ ಕೊಡಲು ನಿರಾಕರಿಸಿತು. ಹಾಗಾಗಿ ನೋಂದಣಿ ಸಮಾರಂಭದ ಜೊತೆಗೆ ಆಶೀರ್ವಾದ ಬೇಡವೆಂಬ ವ್ಯಾಟಿಕನ್ ನಿಯಮ ಇಲ್ಲಿ ಅನ್ವಯಿಸುವ ಪ್ರಸಂಗವೇ ಬರದು. ಅಲ್ಲದೆ, ಜೋಡಿಯೊಂದು ಕೈಹಿಡಿದು ಧರ್ಮಗುರುಗಳ ಬಾಗಿಲು ತಟ್ಟುವುದಕ್ಕಿಂತ ಬಹಳ ಮೊದಲೇ ನಮ್ಮಲ್ಲಿ ಬರುವವಳು ತಾಯಿ. ಬೆಂಗಳೂರಿನಲ್ಲೋ ದುಬೈಯಲ್ಲೋ ಇರುವ ಮಗ ಮದುವೆ ಬೇಡವೆನ್ನುತ್ತಾನೆ, ‘ರೂಮ್‌ಮೇಟ್’ ಒಬ್ಬನ ಜೊತೆ ವರ್ಷಗಳಿಂದ ಇದ್ದಾನೆ. ಅವಳಿಗೆ ಎಲ್ಲವೂ ಗೊತ್ತು, ಯಾರಿಗೂ ಹೇಳಲಾರಳು. ಮಗನ ಹೆಸರಿನಲ್ಲಿ ಪೂಜೆ ಮಾಡಿಸಲು ಚರ್ಚ್ ಕಚೇರಿಗೆ ಬಂದು, ಉದ್ದೇಶ ಏನೆಂದು ಬರೆಯಬೇಕಾದಲ್ಲಿ ‘ಒಳ್ಳೆಯದಾಗಲಿ’ ಎಂದಷ್ಟೇ ಬರೆಸಿ ಹೋಗುತ್ತಾಳೆ. ‘ಫಿದೂಚಿಯಾ ಸುಪ್ಲಿಕಾನ್ಸ್’ ಈ ತಾಯಂದಿರ ಬಗ್ಗೆ ಏನೂ ಹೇಳುವುದಿಲ್ಲ. ಆದರೆ ಕರಾವಳಿಯ ಗುರುಗಳಿಗೆ ಮೊದಲು ಎದುರಾಗುವ ಪ್ರಶ್ನೆ ಅವರದೇ.

ಆದುದರಿಂದ ರಾಜ್ಯದ ಧರ್ಮಪ್ರಾಂತ್ಯಗಳಲ್ಲಿ ನನ್ನ ವಿನಂತಿ ಇಷ್ಟೆ: ಈ ಘೋಷಣೆಯಲ್ಲಿ ಏನಿದೆ, ಏನಿಲ್ಲ ಎಂಬುದನ್ನು ಚರ್ಚ್ ಪಾಲನಾ ಮಂಡಳಿಗಳಲ್ಲೂ ಮದುವೆ ತಯಾರಿ ಶಿಬಿರಗಳಲ್ಲೂ ಕನ್ನಡ, ಕೊಂಕಣಿಗಳಲ್ಲಿ ಬಿಡಿಸಿ ಹೇಳಿರಿ, ಇಂಥ ಮಗನನ್ನೋ ಮಗಳನ್ನೋ ಮನೆಯಿಂದ ಹೊರಹಾಕಬಾರದೆಂದು, ‘ಗುಣಪಡಿಸುತ್ತೇವೆ’ ಎನ್ನುವವರ ಕೈಗೊಪ್ಪಿಸಬಾರದೆಂದು ತಂದೆತಾಯಿಗಳಿಗೆ ತಿಳಿಹೇಳಿರಿ. ಇದಕ್ಕೆ ರೋಮಿನ ಅಪ್ಪಣೆಯಾಗಲಿ ಹೊಸ ಪೂಜಾವಿಧಿಯಾಗಲಿ ಬೇಕಿಲ್ಲ.

ಇತಿ,
ಓರ್ವ ಕಥೋಲಿಕ ಓದುಗ
ಉಡುಪಿ ಜಿಲ್ಲೆ